ಅವ್ವಂದಿರಿಗೆ ಸಮುದ್ರ ತೋರಿಸಬೇಕು

ಚಳ್ಳಕೆರೆಯಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಮೇಲೆ ಚಪ್ಪಡಿ ಹಾಸಿದ್ದರಿಂದ ಮೊರ ಇಟ್ಟರೆ ಅಲುಗಾಡುವುದಿಲ್ಲ. ಸಂಜೆ ಹೊತ್ತು ಆಚೆ ಪಕ್ಕದ ಮನೆಯ ಅಕ್ಕ, ಈಚೆ ನಾನು, ನಡುವೆ ಶೇಂಗಾ ಮೊರ. ಕಾಯಿ ಬಿಡಿಸುತ್ತಾ ಮಾತಾಡುತ್ತೇವೆ. ನಮ್ಮೆರಡು ಮನೆಯ ಮದುವೆ, ಬಾಣಂತನ, ಸಾಲ, ಬೋರ್‌ವೆಲ್ ಎಲ್ಲ ಮೊದಲು ತೀರ್ಮಾನವಾಗಿದ್ದು ಈ ಚಪ್ಪಡಿಯ ಮೇಲೇ. ಮೊನ್ನೆ ಅಕ್ಕ ಕೈಯಲ್ಲಿದ್ದ ಕಾಯಿ ಹಾಗೇ ಹಿಡಿದುಕೊಂಡು ಹೇಳಿದಳು: "ಅತ್ತೆ ಮತ್ತೆ ಕೇಳಿದ್ರು ಕಣೆ. ಇನ್ನೊಂದ್ಸಲ ಉಡುಪಿಗೆ ಕರ್ಕೊಂಡು ಹೋಗ್ತೀಯೇನವ್ವ ಅಂತ."

ಆ "ಇನ್ನೊಂದ್ಸಲ" ಅನ್ನುವ ಮಾತಿನ ಹಿಂದೆ ಒಂದು ನೋವಿದೆ. ಎರಡು ವರ್ಷದ ಹಿಂದೆ ಅಕ್ಕನ ಅತ್ತೆಯನ್ನು, ಅಂದರೆ ನಾವೆಲ್ಲ ಅಜ್ಜಿ ಅನ್ನುವವರನ್ನು, ಕರೆದುಕೊಂಡು ಅವರೆಲ್ಲ ಒಂದು ಬಾಡಿಗೆ ಗಾಡಿಯಲ್ಲಿ ಹೋಗಿದ್ದರು. ಎರಡು ಹಗಲಿನಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು, ಉಡುಪಿ, ಕೊಲ್ಲೂರು, ಮುರುಡೇಶ್ವರ. ಗಾಡಿಯವನು ಹೊರಗೆ ಹಾರನ್ ಒತ್ತುತ್ತಲೇ ಇದ್ದನಂತೆ. ಉಡುಪಿಯಲ್ಲಿ ಒಂದೂವರೆ ತಾಸು ಸಾಲಿನಲ್ಲಿ ನಿಂತ ಅಜ್ಜಿ ಕಿಂಡಿಯ ಮುಂದೆ ಬರುವಷ್ಟರಲ್ಲಿ ಹಿಂದಿನವರು ನೂಕಿದರು. ಕಣ್ಣು ಸರಿ ಮಾಡಿಕೊಂಡು ನೋಡುವುದರೊಳಗೆ ಮುಂದೆ ಹೋಗಿಬಿಟ್ಟಿದ್ದರು. ಸಮುದ್ರ ಕಂಡಿದ್ದು ರಾತ್ರಿ, ಗಾಡಿಯ ಕಿಟಕಿಯಿಂದ. ಕಪ್ಪಗೆ ಏನೋ ಇತ್ತು, ಸದ್ದು ಮಾತ್ರ ಕೇಳಿಸಿತು ಅನ್ನುತ್ತಾರೆ. ಆರು ದೇವಸ್ಥಾನದ ಪ್ರಸಾದ ಮನೆಗೆ ಬಂತು. ಅಜ್ಜಿ ಮಾತ್ರ ಇವತ್ತಿಗೂ "ನಾನು ಕೃಷ್ಣನ್ನ ನೋಡಿಲ್ಲ" ಅಂತಲೇ ಹೇಳುತ್ತಾರೆ.

ನಮ್ಮವ್ವನದು ಇನ್ನೊಂದು ಕಥೆ. ಅವಳಿರುವುದು ನನ್ನ ತವರು ಮೊಳಕಾಲ್ಮೂರಿನಲ್ಲಿ, ಅಣ್ಣನ ಜೊತೆ. ಹುಟ್ಟಿದಾಗಿನಿಂದ ಮಗ್ಗದ ಸದ್ದಿನಲ್ಲೇ ಬೆಳೆದವಳು, ಸಮುದ್ರದ ದಡ ಮುಟ್ಟಿದವಳಲ್ಲ. 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿ ವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿದ್ದಾಗ ಊರಿಗೆ ಊರೇ ಎದ್ದು ಮಾರಿಕಣಿವೆಗೆ ಹೋಯಿತಲ್ಲ, ಅವತ್ತು ಅವ್ವನನ್ನೂ ಕರೆದುಕೊಂಡು ಹೋಗಿದ್ದೆವು. 1933ರಲ್ಲಿ ಕೋಡಿ ಬಿದ್ದಿದ್ದನ್ನು ಅವಳ ಅಪ್ಪ ಹೇಳುತ್ತಿದ್ದರಂತೆ. ಬಿಳಿ ನೀರು ಧುಮ್ಮಿಕ್ಕುವುದನ್ನು ಸೆರಗು ಬಾಯಿಗೆ ಒತ್ತಿಕೊಂಡು ನೋಡುತ್ತಾ ನಿಂತವಳು ಆಮೇಲೆ ಕೇಳಿದಳು: "ಸಮುದ್ರ ಇದಕ್ಕಿಂತ ದೊಡ್ಡದೇನೇ?" ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಮೂರು ವರ್ಷದ ಮೇಲಾಯಿತು, ಗಂಟು ಬಿಚ್ಚಿಲ್ಲ. ಒಂದು ವರ್ಷ ಮಗಳ ಪರೀಕ್ಷೆ, ಒಂದು ವರ್ಷ ಬೆಳೆ ಕೈಕೊಟ್ಟಿತು, ಒಂದು ವರ್ಷ ಅಣ್ಣನ ಮಗ್ಗದ ಕೆಲಸ ಮುಗಿಯಲಿಲ್ಲ. ಅಷ್ಟರಲ್ಲಿ ಅವ್ವನ ಮಂಡಿ ಇನ್ನೊಂದಿಷ್ಟು ಹಿಡಿದುಕೊಂಡಿತು.

"ಹಂಗಾದ್ರೆ ಎರಡೂ ಮನೆಯವರು ಒಟ್ಟಿಗೇ ಹೋಗೋಣ" ಅಂದೆ. ಅಕ್ಕ ಮೊರವನ್ನು ಪಕ್ಕಕ್ಕೆ ಸರಿಸಿದಳು. ಅಲ್ಲಿಂದ ಶುರುವಾಯಿತು ನಮ್ಮ ಲೆಕ್ಕಾಚಾರ.

ಮೊದಲ ಪ್ರಶ್ನೆ: ಉಡುಪಿಯೋ, ಗೋಕರ್ಣವೋ? ನಮ್ಮೆಜಮಾನರು ಗೋಕರ್ಣ ಅಂದರು. ನಮ್ಮ ಕಡೆಯವರು ಶಿವನ ಒಕ್ಕಲು. ವರ್ಷಾ ವರ್ಷ ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿಗೆ ಹೋಗುವವರು. ಗೋಕರ್ಣದಲ್ಲಿ ಮಹಾಬಲೇಶ್ವರನ ಗುಡಿಯಿಂದ ಸಮುದ್ರಕ್ಕೆ ನಡೆದೇ ಹೋಗಬಹುದು ಅನ್ನುವುದೂ ನಿಜ. ಆದರೆ ನಮಗೆ ಅದು ದೂರ. ಶಿವಮೊಗ್ಗದಿಂದ ಸಾಗರ, ಜೋಗ, ಹೊನ್ನಾವರ ದಾಟಿ ಮತ್ತೆ ಉತ್ತರಕ್ಕೆ ಹೋಗಬೇಕು. ವಯಸ್ಸಾದವರನ್ನು ಒಂದೇ ಹಗಲಲ್ಲಿ ಅಷ್ಟು ದೂರ ಕೂರಿಸಿದರೆ ಮರುದಿನ ಪೂರ್ತಿ ಮಲಗಿಯೇ ಕಳೆಯಬೇಕಾಗುತ್ತದೆ. ಅದಕ್ಕೆ ಯಜಮಾನರಿಗೆ ಉಡುಪಿಯ ಹೆಸರಿನ ಕಥೆ ಹೇಳಿದೆ. ಉಡು ಅಂದರೆ ನಕ್ಷತ್ರ, ಉಡುಪ ಅಂದರೆ ನಕ್ಷತ್ರಗಳ ಒಡೆಯ ಚಂದ್ರ. ಶಾಪಕ್ಕೆ ಸಿಕ್ಕ ಚಂದ್ರ ಶಿವನನ್ನು ಕುರಿತು ತಪಸ್ಸು ಮಾಡಿದ ಜಾಗ ಅದು ಅಂತ ನಂಬಿಕೆ. ರಥಬೀದಿಯಲ್ಲಿರುವ ಚಂದ್ರಮೌಳೀಶ್ವರ, ಅನಂತೇಶ್ವರ ಎರಡೂ ಕೃಷ್ಣಮಠಕ್ಕಿಂತ ಹಳೆಯ ಗುಡಿಗಳು. ಮೊದಲು ಅಲ್ಲಿಗೆ ಕೈಮುಗಿದು ಆಮೇಲೆ ಕೃಷ್ಣನ ಕಡೆ ಹೋಗುವುದು ಅಲ್ಲಿನ ಪದ್ಧತಿ. "ಹಂಗಿದ್ರೆ ಸರಿ, ಮೊದಲು ನಮ್ಮಪ್ಪನಿಗೇ ಕೈ ಮುಗಿದಂಗಾಯ್ತು" ಅಂದು ಒಪ್ಪಿಕೊಂಡರು.

ಅಜ್ಜಿಯ ಮನಸ್ಸು ಉಡುಪಿಯಲ್ಲೇ ನಿಂತಿರುವುದಕ್ಕೆ ಕಾರಣ ಕನಕ. ಅಜ್ಜಿ ಕಂಬಳಿ ಮಾಡುವ ಮನೆಯವರು. ಚಳ್ಳಕೆರೆ ಸೀಮೆಯ ಕರಿ ಕಂಬಳಿ ಎಲ್ಲರಿಗೂ ಗೊತ್ತಿರುವುದೇ. ಅಜ್ಜಿ ಈಗಲೂ ಜಗಲಿ ಮೇಲೆ ಕೂತು ಉಣ್ಣೆ ಹಿಂಜಿ ಕದರಿನಲ್ಲಿ ನೂಲು ತೆಗೆಯುತ್ತಾರೆ. ಹುಣಸೆಬೀಜದ ಗಂಜಿ ಹಚ್ಚುವ ದಿನ ಆ ವಾಸನೆ ಗೋಡೆ ದಾಟಿ ನಮ್ಮ ಅಡುಗೆಮನೆಗೂ ಬರುತ್ತದೆ. ಕುರುಬರ ಮನೆಯಲ್ಲಿ ಹುಟ್ಟಿದ ಬಾಡದ ತಿಮ್ಮಪ್ಪನಾಯಕ ಕನಕದಾಸರಾಗಿ ಉಡುಪಿಗೆ ಹೋದದ್ದು, ಒಳಗೆ ಬಿಡದಿದ್ದಾಗ ಗುಡಿಯ ಹಿಂದೆ ನಿಂತು ಹಾಡಿದ್ದು, ಗೋಡೆ ಬಿರುಕು ಬಿಟ್ಟು ಕೃಷ್ಣ ಪಶ್ಚಿಮಕ್ಕೆ ತಿರುಗಿ ದರ್ಶನ ಕೊಟ್ಟದ್ದು, ಇದನ್ನೆಲ್ಲ ಅಜ್ಜಿ ನಿನ್ನೆ ಕಂಡಂತೆ ಹೇಳುತ್ತಾರೆ. ಕೃಷ್ಣ ಇವತ್ತಿಗೂ ಪಶ್ಚಿಮಕ್ಕೇ ಮುಖ ಮಾಡಿ ನಿಂತಿದ್ದಾನೆ. ಹೊರಗಡೆ ಕನಕನ ಕಿಂಡಿ. ಒಳಗೆ ದರ್ಶನ ಮಾಡುವುದು ಒಂಬತ್ತು ಕಂಡಿಯ ನವಗ್ರಹ ಕಿಂಡಿಯಿಂದ. ಯಾರೇ ಬಂದರೂ ಕಿಂಡಿಯಲ್ಲೇ ನೋಡಬೇಕು. "ನಮ್ಮ ಕನಕಪ್ಪ ನೋಡಿದ ಹಂಗೇ ಎಲ್ಲಾರೂ ನೋಡ್ತಾರೆ" ಅನ್ನುವಾಗ ಅಜ್ಜಿಯ ಮುಖ ನೋಡಬೇಕು ನೀವು.

ಊಟದ ವಿಷಯದಲ್ಲಿ ಅವ್ವನಿಗೆ ಅನುಮಾನ. ಫೋನಿನಲ್ಲೇ ಕೇಳಿದಳು: "ಅಲ್ಲೆಲ್ಲಾ ಬರೀ ಅನ್ನವಂತಲ್ಲೇ. ಮುದ್ದೆ ಇಲ್ಲದೆ ಮೂರು ದಿನ ಹೆಂಗೆ?" ಅವಳಿಗೆ ಕನಕದಾಸರ ರಾಮಧಾನ್ಯ ಚರಿತ್ರೆ ನೆನಪಿಸಿದೆ. ರಾಗಿಗೂ ಭತ್ತಕ್ಕೂ ಜಗಳವಾಗುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಗೆ ತೆಗೆದಾಗ ಭತ್ತ ಸೊರಗಿರುತ್ತದೆ, ರಾಗಿ ಹಾಗೇ ಗಟ್ಟಿಯಾಗಿರುತ್ತದೆ. ಒಣಭೂಮಿಯವರ ಕಾಳಿಗೆ ಗೆಲುವು ಕೊಟ್ಟ ಕವಿ ನಿಂತು ಹಾಡಿದ ಊರು ಅದು, ಅಲ್ಲಿ ಮೂರು ದಿನ ಅನ್ನ ಉಂಡರೆ ಏನಾಗುವುದಿಲ್ಲ ಬಾ ಅಂದೆ. ಕೃಷ್ಣಮಠದಲ್ಲಿ ಮಧ್ಯಾಹ್ನ ಬಂದವರಿಗೆಲ್ಲ ಊಟ ಹಾಕುತ್ತಾರೆ. ಆ ಸಾರು, ಆ ಪಾಯಸ ಅವ್ವ ಒಂದು ಸಲ ಉಂಡರೆ ಸಾಕು. ನೆಲದ ಮೇಲೆ ಕೂರಲು ಆಗದ ಮಂಡಿನೋವಿನವರಿಗೆ ಏನು ವ್ಯವಸ್ಥೆ ಅಂತ ಹೋದ ಕೂಡಲೇ ಕೇಳಿಕೊಳ್ಳಬೇಕು ಅಂತ ಅಕ್ಕ ಬೆರಳು ಮಡಚಿದಳು.

ಯಾವಾಗ ಹೋಗೋದು? ಇಲ್ಲಿ ಮೂರು ಪಂಚಾಂಗ ಕೂಡಬೇಕು. ಒಂದು ಹೊಲದ್ದು. ಮುಂಗಾರಿನಲ್ಲಿ ಬಿತ್ತಿದ ಶೇಂಗಾ ಕಿತ್ತು, ಒಣಗಿಸಿ, ಮಾರುವಷ್ಟರಲ್ಲಿ ಅಕ್ಟೋಬರ್ ಕಳೆದು ನವೆಂಬರ್ ಬರುತ್ತದೆ. ಕೈಯಲ್ಲಿ ನಾಲ್ಕು ಕಾಸು ಆಡುವುದು ಆಗಲೇ. ಇನ್ನೊಂದು ಮಗ್ಗದ್ದು. ಅಣ್ಣ ನೇಯುವುದು ಮೊಳಕಾಲ್ಮೂರು ರೇಷ್ಮೆ ಸೀರೆ. ಒಂದು ಹಾಸು ಹಾಕಿದರೆ ಮೂರ್ನಾಲ್ಕು ಸೀರೆ ಇಳಿಯಬೇಕು. ನಡುವೆ ಮಗ್ಗ ಬಿಟ್ಟು ಎದ್ದು ಹೋಗುವುದು ಅವನಿಗೆ ಒಗ್ಗುವುದಿಲ್ಲ. ಹಳೆ ಹಾಸು ಮುಗಿದು ಹೊಸ ಹಾಸು ಬೆಸೆಯುವ ಮೊದಲು ಸಿಗುವ ಮೂರು ನಾಲ್ಕು ದಿನವೇ ನೇಕಾರನ ರಜೆ. ಮೂರನೆಯದು ಸಮುದ್ರದ್ದು. ಮಳೆಗಾಲದಲ್ಲಿ ಅಲ್ಲಿ ಅಲೆ ಜೋರು, ದೋಣಿ ನಿಲ್ಲಿಸಿರುತ್ತಾರೆ, ದಡಕ್ಕೆ ಇಳಿಯುವ ಹಾಗೇ ಇಲ್ಲ.

ಮೂರನ್ನೂ ಕೂಡಿಸಿದರೆ ಸಿಗುವುದು ಕಾರ್ತಿಕ ಮಾಸ. ಕಾರ್ತಿಕದ ಉತ್ಥಾನ ದ್ವಾದಶಿಯ ಹೊತ್ತಿಗೆ ಉಡುಪಿಯಲ್ಲಿ ಲಕ್ಷದೀಪೋತ್ಸವ. ಅದಾಗಿ ಒಂದು ವಾರದೊಳಗೆ ಕನಕ ಜಯಂತಿ, ಸರ್ಕಾರಿ ರಜೆ, ಮಕ್ಕಳ ಶಾಲೆಯೂ ತಪ್ಪುವುದಿಲ್ಲ. ಕನಕ ಜಯಂತಿಯ ದಿನ ಅಜ್ಜಿ ಉಡುಪಿಯಲ್ಲಿ ಇರುತ್ತಾರೆ ಅನ್ನುವುದು ಹೊಳೆದ ಕೂಡಲೇ ಅಕ್ಕ ಗೋಡೆ ಆಚೆಯಿಂದ ನನ್ನ ಕೈ ಹಿಡಿದುಕೊಂಡಳು. ದಿನ ಅಲ್ಲಿಗೆ ನಿಶ್ಚಯವಾಯಿತು.

ದಾರಿಯ ಲೆಕ್ಕ ಹೀಗೆ. ಚಳ್ಳಕೆರೆಯಿಂದ ಚಿತ್ರದುರ್ಗ, ಅಲ್ಲಿಂದ ಹೊಳಲ್ಕೆರೆ, ಚನ್ನಗಿರಿ ಮೇಲೆ ಶಿವಮೊಗ್ಗ. ನಮ್ಮ ಹಿರಿಯರು ಈಗಲೂ ಅದನ್ನು ಹದಿಮೂರನೇ ನಂಬರ್ ಹೈವೇ ಅನ್ನುತ್ತಾರೆ. ಮುಂದೆ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಉಡುಪಿ. ಒಟ್ಟು 300 ಕಿಲೋಮೀಟರಿನ ಹತ್ತಿರ. ಅವ್ವ, ಅಣ್ಣ, ಅತ್ತಿಗೆ ಹಿಂದಿನ ಸಂಜೆಯೇ ಮೊಳಕಾಲ್ಮೂರಿನಿಂದ ಬಂದು ನಮ್ಮಲ್ಲಿ ಮಲಗುತ್ತಾರೆ. ಬೆಳಗಿನ ಮೊದಲ ಬಸ್ಸು ಎಲ್ಲರೂ ಒಟ್ಟಿಗೆ ಹತ್ತಬೇಕು. ಹತ್ತು ಜನರಲ್ಲಿ ಆರು ಜನ ಹೆಂಗಸರು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆಯಲ್ಲ, ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಆರು ಟಿಕೆಟ್ ಉಳಿಯುತ್ತದೆ. ಗುರುತಿನ ಚೀಟಿ ಮಾತ್ರ ಮರೆಯಬಾರದು. ರಾಜಹಂಸ, ಎ.ಸಿ. ಬಸ್ಸಿಗೆ ಅದು ನಡೆಯುವುದಿಲ್ಲ. ಉಡುಪಿ ಕಡೆ ಖಾಸಗಿ ಬಸ್ಸುಗಳೇ ಹೆಚ್ಚು, ಅವುಗಳಲ್ಲೂ ಇಲ್ಲ. ಅಲ್ಲಿ ಓಡಾಡಲು ದುಡ್ಡು ಬೇರೆಯೇ ತೆಗೆದಿಡಬೇಕು. ಉಳಿದ ಟಿಕೆಟ್ ದುಡ್ಡಿನಲ್ಲಿ ರಥಬೀದಿಯ ಹತ್ತಿರವೇ ಕೋಣೆ ಹಿಡಿಯೋಣ, ನೆಲಮಹಡಿಯದೇ ಕೇಳೋಣ, ಅವ್ವಂದಿರು ಮೆಟ್ಟಿಲು ಹತ್ತುವುದು ಬೇಡ ಅಂತ ಅಕ್ಕ ಹೇಳಿದ ಮಾತು ನನಗೆ ತುಂಬ ಹಿಡಿಸಿತು.

ಆಗುಂಬೆಯನ್ನು ಹಗಲಲ್ಲೇ ಇಳಿಯಬೇಕು ಅನ್ನುವುದು ನನ್ನ ಹಟ. 14 ಕಡಿದಾದ ತಿರುವು, ದೊಡ್ಡ ಗಾಡಿ ತಿರುಗದ ಘಾಟಿ, ಸಣ್ಣ ಬಸ್ಸಿನಲ್ಲೇ ಇಳಿಯಬೇಕು. ನಮ್ಮ ಚಳ್ಳಕೆರೆಯಲ್ಲಿ ಇಡೀ ವರ್ಷ ಸುರಿದರೂ 500 ಮಿಲಿಮೀಟರ್ ಮುಟ್ಟುವುದು ಕಷ್ಟ. ಆಗುಂಬೆಯಲ್ಲಿ 7,000 ಮಿಲಿಮೀಟರ್ ದಾಟುತ್ತದೆ. ಒಂದೇ ಹಗಲಿನ ಬಸ್ ಪ್ರಯಾಣದಲ್ಲಿ ಇಷ್ಟು ಅಂತರ! ಬೆಳಿಗ್ಗೆ ಜಾಲಿಮರ, ಕಲ್ಲುಗುಡ್ಡ. ಮಧ್ಯಾಹ್ನ ಅಡಿಕೆ ತೋಟ. ಸಂಜೆ ಆಕಾಶ ಕಾಣದ ಕಾಡು. ನನ್ನ ಮಗ ಇದನ್ನು ಕಿಟಕಿಯಲ್ಲಿ ಕೂತು ನೋಡಬೇಕು. ಆಕಾಶ ತಿಳಿಯಾಗಿದ್ದರೆ ಆಗುಂಬೆಯ ಸೂರ್ಯಾಸ್ತದ ಕಟ್ಟೆಯಿಂದಲೇ ದೂರದಲ್ಲಿ ಸಮುದ್ರದ ಗೆರೆ ಕಾಣುತ್ತದೆ.

ನಮ್ಮ ವೇದಾವತಿಯೂ ಕೊನೆಗೆ ಸಮುದ್ರ ಸೇರುತ್ತಾಳೆ ಅಂತ ಮಗಳಿಗೆ ಹೇಳಿದೆ. ಬಾಬಾಬುಡನ್‌ಗಿರಿಯ ಕಡೆ ಹುಟ್ಟಿ, ಮಾರಿಕಣಿವೆಯಲ್ಲಿ ನಿಂತು, ಪರಶುರಾಂಪುರದ ಕಡೆಯಿಂದ ಹಾದು ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ, ಕೃಷ್ಣೆಯಿಂದ ಮೂಡಣ ಸಮುದ್ರಕ್ಕೆ. ಅದೇ ಮಲೆನಾಡಿನ ಪಡುವಣ ಇಳಿಜಾರಿಗೆ ಬಿದ್ದ ಮಳೆ ಒಂದೆರಡು ದಿನದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ನಮ್ಮ ಪಾಲಿನದು ನೂರಾರು ಮೈಲಿ ಸುತ್ತಿ, ಒಣಭೂಮಿಗೆ ಒಂದಿಷ್ಟು ಕುಡಿಸಿ ಹೋಗುತ್ತದೆ. ಘಟ್ಟ ಅನ್ನುವುದು ಮಳೆಯನ್ನು ಹೇಗೆ ಹಂಚುತ್ತದೆ ಅಂತ ಅವಳು ಪುಸ್ತಕದಲ್ಲಿ ಓದಿದ್ದಾಳೆ. ಈಗ ಆ ಘಟ್ಟದ ನೆತ್ತಿಯ ಮೇಲೆ ನಿಂತು ಎರಡೂ ಕಡೆ ನೋಡಲಿ.

ಉಡುಪಿಯಲ್ಲಿ ಎರಡು ರಾತ್ರಿ. ಇದು ಗೋಡೆಯ ಮೇಲೆ ಆದ ಗಟ್ಟಿ ಒಪ್ಪಂದ: ಒಂದೇ ಊರು, ಒಂದೇ ಕೋಣೆ, ಎರಡು ರಾತ್ರಿ. "ಅಷ್ಟು ದೂರ ಹೋಗಿ ಕೊಲ್ಲೂರು ಬಿಡೋದಾ? ಮುರುಡೇಶ್ವರದ 123 ಅಡಿ ಶಿವನ್ನ ಬಿಡೋದಾ?" ಅಂತ ಅಕ್ಕನ ಯಜಮಾನರು ಕೇಳಿದರು. ಬಿಡೋದೇ. ಅವರೆಲ್ಲ ಅಲ್ಲೇ ಇರುತ್ತಾರೆ, ಇನ್ನೊಂದು ವರ್ಷ ಅವರಿಗಾಗಿಯೇ ಹೋಗೋಣ. ಮೊದಲ ಸಂಜೆ ಸುಮ್ಮನೆ ರಥಬೀದಿಯಲ್ಲಿ ಒಂದು ಸುತ್ತು. ಸುತ್ತಲೂ ಅಷ್ಟಮಠಗಳು: ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ. ಎರಡೆರಡು ವರ್ಷಕ್ಕೆ ಒಂದೊಂದು ಮಠದವರು ಪೂಜೆಯ ಹೊಣೆ ಹೊರುವ ಪರ್ಯಾಯದ ಕ್ರಮವನ್ನು ಮಕ್ಕಳಿಗೆ ಅಲ್ಲಿ ನಿಂತೇ ಹೇಳಬಹುದು. ಮರುದಿನ ನಸುಕಿನಲ್ಲಿ, ಸಾಲು ಬೆಳೆಯುವ ಮೊದಲು, ದರ್ಶನ. ಗಂಡಸರು ಅಂಗಿ ಬಿಚ್ಚಿ ಹೋಗಬೇಕು. ಅಜ್ಜಿಯ ಎರಡೂ ಪಕ್ಕ ನಾವಿಬ್ಬರು ನಿಲ್ಲುವುದು, ಹಿಂದೆ ಅಣ್ಣ ನಿಲ್ಲುವುದು ಅಂತ ಈಗಲೇ ಹಂಚಿಕೊಂಡಿದ್ದೇವೆ. ನೂಕಿದರೆ ನಮ್ಮನ್ನು ನೂಕಲಿ. ಅವತ್ತೂ ತೃಪ್ತಿಯಾಗದಿದ್ದರೆ ಮೂರನೇ ದಿನದ ನಸುಕು ಇದ್ದೇ ಇದೆ. ಎರಡು ರಾತ್ರಿ ಉಳಿಯುವುದರ ಅರ್ಥವೇ ಅದು.

ಸಂಜೆ ಮಲ್ಪೆ. ಉಡುಪಿಯಿಂದ ಆರೇಳು ಕಿಲೋಮೀಟರ್. ಕೃಷ್ಣನ ಕಥೆ ಶುರುವಾಗುವುದೇ ಅಲ್ಲಿಯ ಕಡಲಿನಿಂದ. ದ್ವಾರಕೆಯ ಕಡೆಯಿಂದ ಬಂದ ಹಡಗು ಬಿರುಗಾಳಿಗೆ ಸಿಕ್ಕಿತು, ಮಧ್ವಾಚಾರ್ಯರು ದಡದಲ್ಲಿ ನಿಂತು ಬಟ್ಟೆ ಬೀಸಿ ಅದನ್ನು ಉಳಿಸಿದರು, ಕಾಣಿಕೆಯಾಗಿ ಕೇಳಿ ಪಡೆದ ಗೋಪಿಚಂದನದ ಗಡ್ಡೆಯೊಳಗೆ ಕೃಷ್ಣನ ವಿಗ್ರಹ ಇತ್ತು ಅನ್ನುತ್ತಾರೆ. ಮಲ್ಪೆಯ ವಡಭಾಂಡೇಶ್ವರದಲ್ಲಿ ಬಲರಾಮನ ಗುಡಿ ಇದೆ. ಅಲ್ಲಿಗೆ ಕೈಮುಗಿದು ಸೂರ್ಯ ಇಳಿಯುವ ಹೊತ್ತಿಗೆ ದಡದಲ್ಲಿ ಕೂರಬೇಕು. ಸೂರ್ಯ ನೀರಿನೊಳಗೆ ಇಳಿಯುವುದನ್ನು ಅವ್ವ ನೋಡಬೇಕು, ಕಾಲಿನ ಕೆಳಗೆ ಮರಳು ಜಾರುವುದು ಅವಳಿಗೆ ಗೊತ್ತಾಗಬೇಕು. ಮಾರಿಕಣಿವೆಯಲ್ಲಿ ಕೇಳಿದ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುತ್ತದೆ.

ದೋಣಿ ಇದ್ದರೆ ಮಕ್ಕಳನ್ನು ಸೇಂಟ್ ಮೇರೀಸ್ ದ್ವೀಪಕ್ಕೆ ಕರೆದುಕೊಂಡು ಹೋಗುವ ಆಸೆಯೂ ಇದೆ. ಕೆತ್ತಿ ಜೋಡಿಸಿಟ್ಟಂತೆ ಆರು ಮೂಲೆಯ ಕಲ್ಲಿನ ಕಂಬಗಳು ಅಲ್ಲಿವೆ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಆದ ಕಂಬಗಳು. ಬಂಡೆಗಳ ನಡುವೆಯೇ ಬೆಳೆದ ನಮ್ಮ ಮಕ್ಕಳಿಗೆ ಕಲ್ಲು ಹೊಸದಲ್ಲ, ಇಂಥ ಕಲ್ಲು ಹೊಸದು.

ಒಂದು ಮಾತನ್ನು ಮಾತ್ರ ನಾನು ಎಲ್ಲರಿಗೂ ಖಂಡಿತವಾಗಿ ಹೇಳಿದ್ದೇನೆ. ಬಾವಿಯಲ್ಲಿ ಈಜು ಕಲಿತ ಬಯಲುಸೀಮೆಯವರಿಗೆ ಸಮುದ್ರದ ನೀರಿನ ಗುಣ ಗೊತ್ತಿಲ್ಲ. ಬಾವಿಯ ನೀರು ನಿಂತ ನೀರು. ಸಮುದ್ರ ಬಂದು ಹೊಡೆಯುತ್ತದೆ, ಹಿಂದಕ್ಕೆ ಹೋಗುವಾಗ ಎಳೆಯುತ್ತದೆ. ಮಂಡಿಗಿಂತ ಮೇಲೆ ನೀರಿಗೆ ಯಾರೂ ಇಳಿಯುವ ಹಾಗಿಲ್ಲ, ಮಕ್ಕಳ ಕೈ ಬಿಡುವ ಹಾಗಿಲ್ಲ, ಕಾವಲುಗಾರ ಸೀಟಿ ಊದಿದರೆ ಮರುಮಾತಿಲ್ಲದೆ ಮೇಲೆ ಬರಬೇಕು.

ಅಣ್ಣನದು ಒಂದೇ ಬೇಡಿಕೆ: ಉಡುಪಿ ಸೀರೆಯ ಮಗ್ಗ ನೋಡಬೇಕು. ಅವನ ಕೈಯಲ್ಲಿ ಆಡುವುದು ರೇಷ್ಮೆ, ಜರಿ. ಅವರದು ತೆಳು ಹತ್ತಿ. ಎರಡಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಎರಡೂ ಕಡೆ ಹೊಸ ಹುಡುಗರು ಮಗ್ಗಕ್ಕೆ ಕೂರುವುದು ಕಡಿಮೆಯಾಗಿದೆ. ದಕ್ಷಿಣ ಕನ್ನಡದ ತಾಳಿಪಾಡಿಯ ನೇಕಾರರ ಸಂಘದಲ್ಲಿ ನಿಂತೇ ಹೋಗುವ ಹಾಗಿದ್ದ ಆ ನೇಯ್ಗೆಗೆ ಮತ್ತೆ ಜೀವ ಬಂದಿದೆ ಅಂತ ಅವನು ಕೇಳಿದ್ದಾನೆ. "ಅವರು ಹೆಂಗೆ ಉಳಿಸ್ಕೊಂಡ್ರು ಅಂತ ಕೇಳ್ಬೇಕು" ಅಂದ. ಅವನಿಗೆ ಅದೇ ದೊಡ್ಡ ದರ್ಶನ. ಉಡುಪಿ ಮಲ್ಲಿಗೆ ಒಂದು ಚೆಂಡು, ಸಿಕ್ಕರೆ ಮಟ್ಟುಗುಳ್ಳ ಒಂದು ಕೆ.ಜಿ. ಅಂತ ಅತ್ತಿಗೆ ಸೇರಿಸಿದಳು.

ಗಂಟು ಕಟ್ಟುವ ಪಟ್ಟಿಯೂ ಆಯಿತು. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ, ಬಿಸಿನೀರಿನ ಫ್ಲಾಸ್ಕು, ಅಜ್ಜಿಯ ಬಿ.ಪಿ. ಮಾತ್ರೆ, ಅವ್ವನ ಮಂಡಿಪಟ್ಟಿ. ಅಜ್ಜಿ ತಾವೇ ನೂತ ನೂಲಿನ ಒಂದು ಸಣ್ಣ ಕಂಬಳಿ ತೆಗೆದಿಟ್ಟಿದ್ದಾರೆ. ಹೊದೆಯುವುದಕ್ಕೋ ಅಂತ ಕೇಳಿದೆ. ಕನಕನ ಕಿಂಡಿಯ ಮುಂದೆ ಅರೆಗಳಿಗೆ ಹಾಸಿ, ಅದರ ಮೇಲೆ ನಿಂತು ಕೈಮುಗಿಯುವುದಕ್ಕೆ ಅಂದರು.

ಇದನ್ನೆಲ್ಲ ಜೋಡಿಸುವಾಗ ನನಗೆ ತವರಿನ ಕಡೆಯ ಬಂಡೆಗಳು ನೆನಪಾದವು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಶಾಲೆಯಲ್ಲಿದ್ದಾಗ ಮೇಷ್ಟ್ರು ನಮ್ಮನ್ನು ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿ ಆ ಬಂಡೆಯ ಮುಂದೆ ನಿಲ್ಲಿಸಿ ಅರ್ಥ ಹೇಳಿದ್ದರು: ತಾಯಿತಂದೆಯ ಮಾತು ಕೇಳಬೇಕು, ಹಿರಿಯರನ್ನು ಗೌರವಿಸಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು. ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮೂರ ಕಲ್ಲಿನ ಮೇಲೆ ಬರೆದ ಮಾತು. ನಮ್ಮವ್ವ ಇಷ್ಟು ವರ್ಷದಲ್ಲಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಅದನ್ನೂ ನಾನು ಮೂರು ವರ್ಷ ತಡ ಮಾಡಿದೆ.

ನಿಮ್ಮ ಮನೆಯಲ್ಲೂ ಸಮುದ್ರ ನೋಡದ ಅವ್ವ ಇದ್ದರೆ, ಇನ್ನೊಂದು ಬೆಳೆ ಬರಲಿ ಅಂತ ಕಾಯಬೇಡಿ. ಮಂಡಿ ನಡೆಯುವಾಗಲೇ ಕರೆದುಕೊಂಡು ಹೋಗಿ. ಒಂದೇ ಊರಿಗೆ ಹೋಗಿ, ಎರಡು ರಾತ್ರಿ ಇರಿ, ಅವರು ಸಾಕು ಅನ್ನುವವರೆಗೆ ನೋಡಲು ಬಿಡಿ.